ಬಿಳಿ ಚೌಕದ ಬೇಟೆ

ನಾನು ಮದುವೆಯಾಗಿ ಆದೋನಿಗೆ ಬಂದ ಮೇಲೆ ಎರಡನೆಯ ವರ್ಷವೋ ಮೂರನೆಯ ವರ್ಷವೋ ನಮ್ಮ ಮನೆಗೆ ಟಿವಿ ಬಂತು. ಊರಿಗೆ ಮಾತ್ರ ಇನ್ನೂ ಬಂದಿರಲಿಲ್ಲ. ಪೆಟ್ಟಿಗೆ ಬಂದಿತ್ತು, ಅದರೊಳಗೆ ಕಾಣಬೇಕಾದ ಚಿತ್ರಗಳು ಹೈದರಾಬಾದು ದಾಟಿ ನಮ್ಮ ಕಡೆಗೆ ಬಂದಿರಲಿಲ್ಲ. ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನನ್ನ ಮೈದುನ ರಜೆಗೆ ಬರುವಾಗ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ತಂದಿದ್ದ. ಮಾಳಿಗೆ ಹತ್ತಿ ಆಂಟೆನಾ ಕಟ್ಟಿದ. ಯಾವ ದಿಕ್ಕಿಗೆ ತಿರುಗಿಸಿದರೂ ತೆರೆಯ ತುಂಬ ಅಕ್ಕಿನುಚ್ಚು ಚೆಲ್ಲಿದ ಹಾಗೆ ಚುಕ್ಕೆಗಳು, ಕಿವಿಗೆ ಸುರ್ರೆನ್ನುವ ಸದ್ದು. ಓಣಿಯವರೆಲ್ಲ ಬಂದು ಆ ಚುಕ್ಕೆಗಳನ್ನೇ ನೋಡಿಕೊಂಡು ಹೋದರು. ಎದುರು ಮನೆಯ ಮುದುಕಿ ಕೈಯನ್ನೂ ಮುಗಿದಳು.

ಆ ಪೆಟ್ಟಿಗೆಯ ಜೊತೆಗೆ ಮೈದುನ ಇನ್ನೊಂದು ಸಣ್ಣ ಪೆಟ್ಟಿಗೆಯನ್ನೂ ತಂದಿದ್ದ. ಅದರ ವೈರನ್ನು ಟಿವಿಗೆ ಸಿಕ್ಕಿಸಿದರೆ ಚುಕ್ಕೆಗಳು ಮಾಯವಾಗಿ ತೆರೆ ಕಪ್ಪಾಗುತ್ತಿತ್ತು. ಗುಂಡಿ ತಿರುಗಿಸಿದರೆ ಎರಡು ಗೆರೆಗಳು, ನಡುವೆ ಒಂದು ಚೆಂಡು. ಅದು ಟೆನಿಸ್ ಅಂತೆ. ಇನ್ನೊಂದು ಕಡೆಗೆ ತಿರುಗಿಸಿದರೆ ಕಪ್ಪು ತೆರೆಯ ಮೇಲೆ ಒಂದು ಬಿಳಿಯ ಚೌಕ ಅತ್ತಿಂದಿತ್ತ ಓಡುತ್ತಿತ್ತು. ಅದಕ್ಕೆಂದೇ ವೈರು ಕಟ್ಟಿದ ಒಂದು ಕೋವಿಯೂ ಇತ್ತು, ಮೊಳಕ್ಕಿಂತ ತುಸು ಉದ್ದ.

"ಇದು ಬೇಟೆ ಆಟ ಅತ್ತಿಗಿ. ಆ ಬಿಳೇದು ಓಡ್ತದಲ್ಲ, ಅದು ಹಕ್ಕಿ. ಹೊಡದ್ರ ಪೀಂಕ್ ಅಂತದ, ಮ್ಯಾಲೆ ಒಂದು ನಂಬರ್ ಏರ್ತದ" ಅಂದ ಮೈದುನ.

ನಾನು ಎಷ್ಟು ನೋಡಿದರೂ ಅದರಲ್ಲಿ ಹಕ್ಕಿ ಕಾಣಲಿಲ್ಲ. ಸಕ್ಕರೆ ಅಚ್ಚಿನ ತುಂಡೊಂದು ಜಾರಿ ಹೋಗುತ್ತಿದ್ದ ಹಾಗಿತ್ತು. ಆದರೆ ಕೋವಿ ಹಿಡಿದು ಒಮ್ಮೆ ಹೊಡೆದು, ಪೀಂಕ್ ಅಂದು, ಆ ಚೌಕ ಕಾಣದಾದ ಕೂಡಲೇ ನನಗೆ ಎದೆಯಲ್ಲಿ ಏನೋ ಆಯಿತು. ಖುಷಿಯೋ ಹೆದರಿಕೆಯೋ ಗೊತ್ತಾಗಲಿಲ್ಲ. ಮರುಕ್ಷಣ ಅದು ಮತ್ತೆ ಹುಟ್ಟಿ ಓಡತೊಡಗಿತು. ನಾನು ಮತ್ತೆ ಹೊಡೆದೆ.

ನಮ್ಮದು ವೈಷ್ಣವರ ಮನೆ. ಮಾವನವರು ಕೋಟೆಗುಡ್ಡದ ಕೆಳಗಿನ ಹನುಮಪ್ಪನ ಗುಡಿಯಲ್ಲಿ ಅರ್ಚಕರು, ಸಂಜೆ ಪುರಾಣ ಹೇಳುತ್ತಿದ್ದರು. ನಡೆಯುವಾಗ ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವವರು. ಅವರ ಮನೆಯ ಪಡಸಾಲೆಯಲ್ಲಿ ಕೋವಿ! ಅತ್ತೆಯವರು ಮೊದಲ ದಿನವೇ ಹೇಳಿದರು: "ನಿಮ್ಮಪ್ಪ ಬರೋದ್ರೊಳಗ ಅದನ್ನ ಎತ್ತಿಡು."

ಮೈದುನ ಎತ್ತಿಡಲಿಲ್ಲ. ಮಾವನವರು ಗುಡಿಯಿಂದ ಬಂದು, ಕಾಲು ತೊಳೆದು, ಪಡಸಾಲೆಯಲ್ಲಿ ನಿಂತು ಅದನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಇದರೊಳಗಿಂದ ಏನು ಹೋಗ್ತದ?" ಎಂದು ಕೇಳಿದರು.

"ಏನೂ ಹೋಗೋದಿಲ್ಲಪ್ಪ. ಇದರ ಬಾಯಾಗ ಒಂದು ಕಣ್ಣದ. ಟಿವಿಯಿಂದ ಬರೋ ಬೆಳಕು ಇದರೊಳಗ ಬರ್ತದ. ಬೆರಳಿಂದ ಕೋವಿ ಕುದರಿ ಒತ್ತಿದಾಗ ಬೆಳಕು ಬಿದ್ರ ತಾಗ್ತು ಅಂತ ಲೆಕ್ಕ."

ಮಾವನವರು ಬಗ್ಗಿ ಕೋವಿಯ ಬಾಯಿ ನೋಡಿದರು. "ಹಂಗಾದ್ರ ಕೋವಿ ಹಕ್ಕಿಗೆ ಹೊಡೆಯೋದಿಲ್ಲ. ಹಕ್ಕೀನೇ ಕೋವಿಗೆ ಹೊಡೀತದ."

"ಹಂಗೂ ಅನಬಹುದು."

"ಮತ್ತ ಸಾಯೋದು ಹಕ್ಕಿ ಯಾಕ?"

ಅಂದು ಊಟದ ಹೊತ್ತಿಗೂ ಮಾವನವರು ಅದೇ ಗುಂಗಿನಲ್ಲಿದ್ದರು. ಬಡಿಸಿದ ಸಾರು ಕಲಸಿಕೊಂಡವರು ಮತ್ತೆ ಸಾರು ಕೇಳಿದರು. ಆಟ ಬೇಡ ಎಂದು ಹೇಳಲಿಲ್ಲ, ಆಡಿರಿ ಅಂತಲೂ ಹೇಳಲಿಲ್ಲ. ನಾವು ಅವರು ಗುಡಿಗೆ ಹೋದಾಗ ಆಡುವುದು, ಬರುವ ಹೊತ್ತಿಗೆ ನಿಲ್ಲಿಸುವುದು, ಹೀಗೆ ನಡೆಯಿತು.

ಅಂಥ ಒಂದು ದಿನ, ಅಮಾವಾಸ್ಯೆಯ ಮರುದಿನ, ಹೊಲದ ತಾತ ಬಂದ. ಹಾಲಹರವಿ ಕಡೆ ನಮ್ಮದು ಸ್ವಲ್ಪ ಎರೆಹೊಲ ಇತ್ತು. ಅದನ್ನು ಮಾಡುತ್ತಿದ್ದವನು ಆತ. ಮಾವನವರ ಓರಗೆಯವನೇ. ತೆಳ್ಳಗೆ, ಉದ್ದಕ್ಕೆ, ನೆಟ್ಟಗೆ. ಬಂದಾಗಲೆಲ್ಲ ಬೀದಿ ಕಟ್ಟೆಯ ಮೇಲೆ ಕೂತು ಅತ್ತೆಯವರು ಕೊಟ್ಟ ಮಜ್ಜಿಗೆ ಕುಡಿದು, ಜೋಳದ ಮಾತು, ಕಡಲೆಯ ಮಾತು ಆಡಿ ಹೋಗುತ್ತಿದ್ದ. ಮನೆಯೊಳಗೆ ಬಂದಿದ್ದನ್ನು ನಾನು ನೋಡಿರಲಿಲ್ಲ, ಅತ್ತೆಯವರೂ ನೋಡಿರಲಿಲ್ಲ. ಅವನೂ ಬರುತ್ತಿರಲಿಲ್ಲ, ಇವರೂ ಕರೆಯುತ್ತಿರಲಿಲ್ಲ. ಆ ಕಾಲ ಹಾಗೇ ಇತ್ತು.

ಈ ತಾತ ಒಂದು ಕಾಲಕ್ಕೆ ದೊಡ್ಡ ಬೇಟೆಗಾರ. ನಾಡಬಂದೂಕಿನಲ್ಲಿ ಹಾರುವ ಕೌಜುಗವನ್ನು ಕೆಡವುತ್ತಿದ್ದನಂತೆ, ಜೋಳದ ಹೊಲದಲ್ಲಿ ಓಡುವ ಮೊಲವನ್ನು ಸದ್ದಿನ ಮೇಲೇ ಹೊಡೆಯುತ್ತಿದ್ದನಂತೆ. ಒಂದು ವರ್ಷ ಅವನ ಒಬ್ಬಳೇ ಮಗಳು ಹೆರಿಗೆಯಲ್ಲಿ ಸಾಯುವ ಹಾಗಾದಳು. ಆತ ಮಾವನವರ ಕಾಲು ಹಿಡಿದ. ಮಾವನವರು ಅವನ ಕೈಗೆ ತುಳಸಿ ಕೊಟ್ಟು, "ಇವತ್ತಿಂದ ಜೀವ ತೆಗೆಯೋದು ಬಿಡು, ದೇವರು ಒಂದು ಜೀವ ಉಳಸ್ತಾನ" ಅಂದರಂತೆ. ತಾತ ಆಣೆ ಮಾಡಿದ. ಮಗಳು ಉಳಿದಳು. ತಾತ ಬಂದೂಕನ್ನು ಯಾರಿಗೋ ಕೊಟ್ಟುಬಿಟ್ಟ, ಕೋಳಿ ಕುಯ್ಯುವುದನ್ನೂ ಬಿಟ್ಟ. ಇದೆಲ್ಲ ನಾನು ಬರುವುದಕ್ಕೆ ಬಹಳ ಮೊದಲಿನ ಮಾತು, ಅತ್ತೆಯವರು ಹೇಳಿ ಗೊತ್ತಾದದ್ದು.

ಅವತ್ತು ತಾತ ಕಟ್ಟೆಯ ಮೇಲೆ ಕೂತಿದ್ದಾಗ ಒಳಗಿನಿಂದ ಪೀಂಕ್ ಪೀಂಕ್ ಕೇಳಿ ಬಾಗಿಲಲ್ಲಿ ಇಣುಕಿದ.

"ಏನ್ರಿ ಸಣ್ ಸ್ವಾಮಿ ಅದು? ಬಂದೂಕಾ?"

"ಆಟದ ಬಂದೂಕು ತಾತ. ಅಲ್ಲಿ ನೋಡು, ಹಕ್ಕಿ ಓಡ್ತದಲ್ಲ."

ತಾತ ಕಣ್ಣು ಕಿರಿದು ಮಾಡಿದ. "ಇದ್ಯಾವ ಹಕ್ಕೀರಿ? ರೆಕ್ಕಿ ಇಲ್ಲ, ಕುತ್ತಿಗಿ ಇಲ್ಲ."

"ಅದು ಹಕ್ಕಿ ಅಂತ ತಿಳ್ಕೋಬೇಕು."

"ಓಹೋ, ತಿಳ್ಕೋಬೇಕಾ" ಎಂದ ತಾತ. ಅದರಲ್ಲಿ ತಮಾಷೆ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವವನ ಹಾಗೆ ನೋಡುತ್ತಲೇ ನಿಂತ.

ಮೈದುನ ಕೋವಿ ತೆಗೆದುಕೊಂಡು ಬಾಗಿಲಿಗೆ ನಡೆದ. ವೈರು ಹೊಸ್ತಿಲ ತನಕ ಬರಲಿಲ್ಲ. ಜಗ್ಗಿದ, ಆದರೂ ಬರಲಿಲ್ಲ. "ಒಳಗ ಬಾ ತಾತ" ಎಂದುಬಿಟ್ಟ. ಹೊರದೇಶದಲ್ಲಿ ಇದ್ದು ಬಂದವನು, ಅವನಿಗೆ ಅದು ಮಾತೇ ಆಗಿರಲಿಲ್ಲ. ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತವರು ನಿಂತೇ ಇದ್ದರು. ತಾತ ಹೊಸ್ತಿಲು ನೋಡಿದ, ಅತ್ತೆಯವರನ್ನು ನೋಡಿದ.

ಅಷ್ಟರಲ್ಲಿ ಮಾವನವರು ಬಂದರು. ಅವತ್ತು ಯಾಕೋ ಬೇಗ ಬಂದಿದ್ದರು. ತಾತ ತಕ್ಷಣ ಕಟ್ಟೆಯಿಂದ ಇಳಿದು ಕೈಮುಗಿದ.

"ಸ್ವಾಮಿ, ಸಣ್ ಸ್ವಾಮಿ ಇದನ್ನ ಹಿಡಿ ಅಂತಾರ. ನನ್ ಮ್ಯಾಲೆ ಆಣಿ ಐತಿ. ಹಿಡೀಬಹುದೇನ್ರಿ?"

ಮಾವನವರು ಎಷ್ಟೋ ದಿನದಿಂದ ಯಾರಾದರೂ ಇದನ್ನು ಕೇಳಲಿ ಎಂದು ಕಾದಿದ್ದವರ ಹಾಗೆ, "ಅದು ಹಕ್ಕಿ ಅಲ್ಲಪಾ, ಬೆಳಕು. ಅದಕ್ಕ ಜೀವ ಇಲ್ಲ" ಎಂದರು. ಆಮೇಲೆ ಸ್ವಲ್ಪ ತಡೆದು, "ಒಳಗ ಬಾ" ಎಂದರು.

ತಾತ ತಲೆಯ ರುಮಾಲು ತೆಗೆದು, ಬಗ್ಗಿ, ಒಳಗೆ ಬಂದ. ಬಗ್ಗುವಷ್ಟು ಬಾಗಿಲೇನೂ ಗಿಡ್ಡ ಇರಲಿಲ್ಲ.

ಕೋವಿ ಕೈಗೆ ಬಂದ ಕೂಡಲೇ ಅವನ ಮೈ ಬೇರೆಯಾಯಿತು. ಹೆಗಲಿಗೆ ಒತ್ತಿಕೊಂಡ, ಗಲ್ಲ ಇಟ್ಟ, ಉಸಿರು ಹಿಡಿದ. ಚೌಕ ಎಡದಿಂದ ಬಲಕ್ಕೆ ಓಡಿತು. ತಾತ ಕುದುರೆ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಇಲ್ಲ. ಏಳೆಂಟು ಸಲ ಆದ ಮೇಲೆ ಮೈದುನನಿಗೆ ತಿಳಿಯಿತು.

"ತಾತ, ನೀನು ಹಕ್ಕಿ ಮುಂದ ಹೊಡೀತಿದ್ದಿ. ಇದರಾಗ ಹಕ್ಕಿ ಎಲ್ಲಿರ್ತದೋ ಅಲ್ಲೇ ಹೊಡೀಬೇಕು."

"ಅಲ್ಲೇ ಹೊಡದ್ರ ಗುಂಡು ಹೋಗೋದ್ರಾಗ ಹಕ್ಕಿ ದಾಟಿರತೈತಲ್ರಿ?"

"ಇದರಾಗ ಗುಂಡಿಲ್ಲ."

"ಗುಂಡಿಲ್ಲ, ಹಕ್ಕಿಲ್ಲ" ಎಂದು ತಾತ ಮೆಲ್ಲಗೆ ತನಗೆ ತಾನೇ ಹೇಳಿಕೊಂಡ. ಮತ್ತೆ ಕೋವಿ ಎತ್ತಿದ. ನಾನು ಮೊನ್ನೆ ಮೊನ್ನೆ ಆಟ ಕಲಿತ ಹೆಣ್ಣುಮಗಳು ಹತ್ತಕ್ಕೆ ಆರು ಹೊಡೆಯುತ್ತಿದ್ದೆ, ಇಷ್ಟು ದೊಡ್ಡ ಬೇಟೆಗಾರನ ಕೈಗೆ ಒಂದೂ ಬೀಳುತ್ತಿರಲಿಲ್ಲ. ನೋಡಲಾಗದೆ ಅಡುಗೆಮನೆಗೆ ಹೋಗೋಣ ಅಂದುಕೊಂಡೆ, ಹೋಗಲಿಲ್ಲ. ಕೈ ಹೇಳಿದ ಮಾತು ಕೇಳುತ್ತಿಲ್ಲ ಅನ್ನುವುದು ಅವನ ಮುಖದಲ್ಲಿ ಕಾಣುತ್ತಿತ್ತು. ಅವನು ಚೌಕದ ಮೇಲೆ ಗುರಿ ಹಿಡಿಯುತ್ತಿದ್ದ. ಒತ್ತುವ ಹೊತ್ತಿಗೆ ಮಾತ್ರ ಕೈ ತಾನಾಗಿ ಮುಂದಕ್ಕೆ ಜಾರಿಬಿಡುತ್ತಿತ್ತು.

ಕೊನೆಗೆ ಒಂದು ಸಲ ಕೈ ಬಹಳ ಮುಂದೆ ಜಾರಿತು. ಪೀಂಕ್ ಅಂದಿತು. ಚೌಕ ಮಾಯವಾಯಿತು. ಮೇಲೆ ಸೊನ್ನೆ ಹೋಗಿ ಒಂದು ಬಂತು.

"ಬಿತ್ತು!" ಎಂದು ತಾತ ಕೂಗಿದ. ಆ ದನಿ ನನಗೆ ಈಗಲೂ ನೆನಪಿದೆ, ಮೂವತ್ತು ವರ್ಷ ಚಿಕ್ಕವನ ದನಿ. ನಾವೆಲ್ಲ ನಕ್ಕೆವು. ಮಾವನವರೂ ನಕ್ಕರು. ಅತ್ತೆಯವರು ಸೆರಗು ಬಾಯಿಗೆ ಹಿಡಿದುಕೊಂಡು ಮುಖ ತಿರುಗಿಸಿದರು.

ಆಮೇಲೆ ತಾತನ ಮುಖ ಇಳಿಯಿತು. ಕೋವಿಯನ್ನು ನೆಲಕ್ಕೆ ಇಟ್ಟು ಹಿಂದೆ ಸರಿದ. "ಸ್ವಾಮಿ, ಬಿತ್ರಿ" ಎಂದ. "ನನ್ ಕೈಯಾಗ ತಿಳೀತು. ಬಿದ್ದಾಗ ಕೈಗೆ ತಿಳೀತೈತಿ. ಇದು ಹಂಗೇ ಇತ್ತು. ಆಣಿ ಮುರೀತೇನ್ರಿ?"

"ಇಲ್ಲಪಾ, ಬೆಳಕು ಅಂತ ಹೇಳಿದೆನಲ್ಲ."

"ನೀವು ಬೆಳಕು ಅಂತೀರಿ. ನಾನು ಹೊಡೆದಿದ್ದು ಹಕ್ಕಿ ಅಂತ ತಿಳ್ಕೊಂಡು."

ಮನಸ್ಸಿನಲ್ಲಿ ಮಾಡಿದ್ದೂ ಪಾಪವೇ ಎಂದು ಎಷ್ಟು ಸಂಜೆ ಗುಡಿಯಲ್ಲಿ ಮಾವನವರೇ ಹೇಳಿರಲಿಲ್ಲ? ಮೈದುನ ಸಹಾಯಕ್ಕೆ ಬಂದ. ಟಿವಿಯ ಬಲಕ್ಕೆ ಹಿತ್ತಿಲ ಕಡೆಯ ಕಿಟಕಿ ಇತ್ತು, ಇಳಿಬಿಸಿಲು ಅದರಲ್ಲಿ ಬರುತ್ತಿತ್ತು. ಅವನು ಕೋವಿಯನ್ನು ಎತ್ತಿ ಆ ಕಿಟಕಿಗೆ ಹಿಡಿದು ಒತ್ತಿದ. ಪೀಂಕ್ ಅಂದಿತು. ಒಂದು ಹೋಗಿ ಎರಡು ಬಂತು.

"ನೋಡು ತಾತ, ನೀನು ಕಿಟಕಿಗೆ ಹೊಡೆದಿ. ಅದು ಕಿಟಕಿ ಬೆಳಕು. ಹಕ್ಕಿ ನಿನಗ ಸಿಕ್ಕೇ ಇಲ್ಲ. ಆಣಿ ಹಂಗೇ ಅದ."

ಇದನ್ನು ಕೇಳಿ ತಾತನಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅವನಿಗೆ ನೋವಾಯಿತು ಅಂತ ನನಗೆ ಅನಿಸಿತು. "ನಾನು ಹಕ್ಕಿಗೆ ಹೊಡೆದೀನ್ರಿ" ಎಂದ, ಹಟದಿಂದ. "ಕಿಟಕಿಗೆ ಹೊಡಿಯಾಕ ನಾನೇನು ಕಣ್ಣಿಲ್ಲದ ಕುಡ್ಡನಾ?" ಹಾಗಂದವನೇ ರುಮಾಲು ಸುತ್ತಿಕೊಂಡು, ಮಜ್ಜಿಗೆಯನ್ನು ಅರ್ಧಕ್ಕೇ ಬಿಟ್ಟು ಹೊರಟ. ಹಕ್ಕಿ ಬಿದ್ದಿದ್ದರೆ ಆಣೆ ಮುರಿದ ಹಾಗೆ. ಬೀಳದಿದ್ದರೆ ಅವನ ಕೈ ಸುಳ್ಳಾದ ಹಾಗೆ. ಅವನಿಗೆ ಯಾವುದು ಬೇಕಾಗಿತ್ತೋ ನಮಗೆ ತಿಳಿಯಲಿಲ್ಲ. ಅವನಿಗಾದರೂ ತಿಳಿದಿತ್ತೋ ಇಲ್ಲವೋ.

ಆದರೆ ಅವನು ನೆಟ್ಟಗೆ ಹಾಲಹರವಿಗೆ ಹೋಗಲಿಲ್ಲ. ಕೋಸಗಿಗೆ ಹೋದ. ಮಗಳನ್ನು ಅಲ್ಲಿಗೇ ಕೊಟ್ಟಿತ್ತು. ಮಗಳ ಮನೆಗೆ ಬೀಗ. ಗಂಡ ಹೆಂಡತಿ ಮಕ್ಕಳೆಲ್ಲ ಸುಗ್ಗಿಗೆ ಹೋಗಿದ್ದಾರೆ ಎಂದರು ನೆರೆಯವರು. ಎಲ್ಲಿಗೆ ಎಂದರೆ ಒಬ್ಬರು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲಿಕ್ಕೆ ಎಂದರು, ಇನ್ನೊಬ್ಬರು ರಾಯಚೂರಿನ ಕಡೆ ಹತ್ತಿಗೆ ಎಂದರು. ಪ್ರತಿ ವರ್ಷ ಹೋಗುವವರೇ, ಹೊಸದೇನಲ್ಲ. ತಾತ ಮಾತ್ರ ಬೀಗ ನೋಡಿ ಅಲ್ಲೇ ಕುಸಿದನಂತೆ.

ಈ ಸುದ್ದಿಯನ್ನು ಅವನೇ ಬಂದು ಹೇಳಿದ. ಗಡ್ಡ ಬೆಳೆದಿತ್ತು. "ಮಗಳಿಗೆ ಏನೋ ಆಗೈತ್ರಿ ಅಮ್ಮಾರ. ನನ್ ಮನಸು ಹೇಳತೈತಿ" ಎಂದ ಅತ್ತೆಯವರ ಮುಂದೆ. ಈ ಸಲ ಕಟ್ಟೆಯ ಮೇಲೂ ಕೂಡಲಿಲ್ಲ. ಒಂದು ಜೀವಕ್ಕೆ ಪ್ರತಿಯಾಗಿ ಮಾಡಿದ ಆಣೆ ಅದು. ಆಣೆ ಹೋದರೆ ಆ ಜೀವ ಏನಾಗಬೇಕು? ಹಾಗೆಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅತ್ತೆಯವರು ಮಜ್ಜಿಗೆಯ ಬದಲು ಊಟಕ್ಕೆ ಹಾಕಿದರು. ಅವನು ಉಣ್ಣಲಿಲ್ಲ.

ಮನೆಯಲ್ಲಿ ಆಟ ನಿಂತಿತು. ಯಾರೂ ನಿಲ್ಲಿಸಿ ಎನ್ನಲಿಲ್ಲ. ಮೈದುನ ಎರಡು ಮೂರು ಸಲ ಪೆಟ್ಟಿಗೆ ಹಚ್ಚಿದ, ಆರಿಸಿದ. "ಇದು ಸುಮ್ಮನ ಸರ್ಕೀಟ್ ಅತ್ತಿಗಿ, ಎರಡು ವೈರು ಒಂದು ಚಿಪ್. ಇದಕ್ಕ ಒಬ್ಬರ ಮಗಳಿಗೆ ಹೆಂಗ ಏನಾಗ್ತದ?" ಎಂದು ನನ್ನನ್ನು ಕೇಳುತ್ತಿದ್ದ. ಏನೂ ಆಗುವುದಿಲ್ಲ ಎಂದು ನಾನೂ ಹೇಳುತ್ತಿದ್ದೆ. ಹೇಳಿ ತುಳಸಿಕಟ್ಟೆಗೆ ಹೋಗಿ ಆ ಕಾಣದ ಹೆಣ್ಣುಮಗಳ ಹೆಸರಿನಲ್ಲಿ ದೀಪ ಹಚ್ಚುತ್ತಿದ್ದೆ. ನನ್ನ ಗಂಡ ಹತ್ತಿ ಗಿರಣಿಯಲ್ಲಿ ಗುಮಾಸ್ತರು. ಗಿರಣಿಗೆ ಬರುವ ಲಾರಿಯವರನ್ನೆಲ್ಲ ಕೋಸಗಿಯ ಮಂದಿ ಎಲ್ಲಿ ಕೆಲಸಕ್ಕಿದ್ದಾರೆ ಎಂದು ವಿಚಾರಿಸಿದರು. ಒಬ್ಬೊಬ್ಬ ಲಾರಿಯವ ಒಂದೊಂದು ಊರು ಹೇಳಿದ.

ಮಾವನವರು ಪುಸ್ತಕಗಳನ್ನು ತೆಗೆದರು. ನಂದವರದಲ್ಲಿದ್ದ ಅವರ ಸೋದರಮಾವನನ್ನೂ ಹೋಗಿ ಕೇಳಿಬಂದರು. ಅವರೂ ದೊಡ್ಡ ಪಂಡಿತರು. ಅವರು ಟಿವಿಯನ್ನೇ ನೋಡಿರಲಿಲ್ಲ. ಮೊದಲು ಟಿವಿ ಅಂದರೇನು ಎಂದು ಹೇಳಿ, ಆಮೇಲೆ ಅದರಲ್ಲಿ ಟಿವಿ ಬರುವುದಿಲ್ಲ ಎಂದು ಹೇಳಿ, ಆಮೇಲೆ ಕೋವಿ ಅಂದರೆ ಕೋವಿಯಲ್ಲ ಎಂದು ಹೇಳುವಷ್ಟರಲ್ಲಿ ಮಾವನವರಿಗೇ ತಾವು ಕೇಳಲು ಹೋದ ಪ್ರಶ್ನೆ ಯಾವುದೆಂದು ಮರೆತಂತಾಯಿತಂತೆ. ಬಂದವರು ಕಟ್ಟೆಯ ಮೇಲೆ ಕೂತು, "ಅವರೂ ಗೊತ್ತಿಲ್ಲ ಅಂದರು" ಎಂದು ಹೇಳಿದರು. ಅಷ್ಟು ದಣಿದವರನ್ನು ನಾನು ಏಕಾದಶಿಯ ದಿನವೂ ಕಂಡಿರಲಿಲ್ಲ.

ಅದಾದ ಮರುದಿನವೋ ಅದರ ಮರುದಿನವೋ ಮಧ್ಯಾಹ್ನ, ಮಾವನವರು ಮೈದುನನನ್ನು ಕರೆದು, "ಅದನ್ನ ಹಚ್ಚು" ಎಂದರು. ಕಿಟಕಿ ಮುಚ್ಚಿಸಿದರು. ಕೋವಿಯನ್ನು ತಾವೇ ತೆಗೆದುಕೊಂಡರು. ಹಿಡಿಯುವುದು ಹೇಗೆಂದು ಗೊತ್ತಿಲ್ಲದೆ ಶಂಖ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದರು. ಚೌಕ ಓಡಿ ಬಂತು, ಮಾವನವರು ಒತ್ತಿದರು. ಪೀಂಕ್.

ಮೊದಲ ಏಟಿಗೇ.

ಅವರ ಮುಖದಲ್ಲಿ ನಗೆ ಮೂಡಿತು. ತಡೆಯಲಾಗದೆ ಬಂದ ನಗೆ, ಹುಡುಗರದು. ಬಂದ ಕೂಡಲೇ ಅದು ಅವರಿಗೇ ಗೊತ್ತಾಯಿತು. ಕೋವಿಯನ್ನು ಮೈದುನನ ಕೈಗೆ ಕೊಟ್ಟು, ಹಿತ್ತಿಲಿಗೆ ಹೋಗಿ ತಲೆಯ ಮೇಲೆ ಎರಡು ಬಿಂದಿಗೆ ತಣ್ಣೀರು ಸುರಿದುಕೊಂಡರು. ಒದ್ದೆ ಪಂಚೆಯಲ್ಲೇ ಬಂದು ಅತ್ತೆಯವರಿಗೆ ಹೇಳಿದರು:

"ಅವನ ಕಡಿಂದ ನಾನು ಅವತ್ತು ಏನು ಬಿಡಿಸಿದೆ ಅಂತ ನನಗ ಗೊತ್ತೇ ಇರಲಿಲ್ಲ ನೋಡು."

"ಒಳ್ಳೇದೇ ಬಿಡಿಸಿದ್ರಿ" ಎಂದರು ಅತ್ತೆಯವರು.

"ಒಳ್ಳೇದೇ. ಆದ್ರ ಏನು ಅಂತ ಗೊತ್ತಿರಲಿಲ್ಲ."

ಬೇಸಗೆ ಹತ್ತಿತು. ಮಗಳು ಬಂದಳೆಂಬ ಸುದ್ದಿ ಮುಟ್ಟುವ ಮೊದಲು ತಂದೆ ಮಗಳಿಬ್ಬರೂ ನಮ್ಮ ಬಾಗಿಲಿಗೆ ಬಂದರು. ತಾತ ಮಗಳನ್ನು ತೋರಿಸಲಿಕ್ಕೆ ಕರೆತಂದಿದ್ದ. ಗಟ್ಟಿಮುಟ್ಟು ಹೆಂಗಸು, ಬಿಸಿಲಿಗೆ ಕಂದಿದ ಮುಖ, ಮಾತಿಗೆ ಮುಂಚೆ ನಗೆ. ಎಡಗೈ ಮಣಿಕಟ್ಟಿಗೆ ಬಿದಿರ ದಬ್ಬೆ ಕಟ್ಟಿತ್ತು.

"ಲಾರಿಯಿಂದ ಇಳಿಯಾಕ ಹೋಗಿ ಬಿದ್ದೀನ್ರಿ ಅಮ್ಮಾರ. ಆಕಿ ಇಲ್ಲೇ ಅದಾಳ, ನಮ್ಮ ಅಪ್ಪ ಮಾತ್ರ ಸತ್ತೇ ಹೋಗ್ಯಾಳ ಅಂತ ಅಳ್ತಾನ ನೋಡ್ರಿ" ಎಂದಳು, ತನ್ನನ್ನೇ ಬೇರೆ ಯಾರೋ ಎಂಬಂತೆ.

"ಯಾವಾಗ ಬಿದ್ದಿ?" ಎಂದು ಮಾವನವರು ಕೇಳಿದರು. ನಾವೆಲ್ಲ ಕಾದಿದ್ದು ಅದೇ ಮಾತಿಗೆ.

"ಗುಂಟೂರಿಂದ ತಿರುಗಿ ಬರುವಾಗ್ರಿ. ಅಲ್ಲ, ಅಲ್ಲಿ ಹೊಲದಿಂದ ಹೊಲಕ್ಕ ಹೋಗುವಾಗ. ಒಂದಿನ ಸಂಜಿಗೆ."

"ಅಮಾಸಿ ಮುಂಚೆನಾ, ಆಮ್ಯಾಲಾ?"

"ಯಾವ ಅಮಾಸಿ ಸ್ವಾಮಿ? ಕೂಲಿಗೆ ಹೋದೋರಿಗೆ ಅಮಾಸಿ ಎಲ್ಲಿಂದು?"

ತಾತ, "ನಾನು ಹೊಡೆದ ಮ್ಯಾಲೇ" ಎಂದ. ಮೈದುನ, "ಇಲ್ಲ, ಅದಕ್ಕಿಂತ ಮುಂಚೆನೇ ಇರಬೇಕು, ಎಲುಬು ಕೂಡ್ಯದ ನೋಡು" ಎಂದ. ಅತ್ತೆಯವರು ಆ ದಬ್ಬೆಯನ್ನು ಮುಟ್ಟಿ ನೋಡಿ, ಕೂಡಿದ್ದರೂ ಕೂಡಿರಬಹುದು, ಇಲ್ಲದಿದ್ದರೂ ಇಲ್ಲ ಎಂದರು. ಮಗಳು ನಮ್ಮೆಲ್ಲರ ಮುಖ ನೋಡಿದಳು. ಇವರಿಗೆಲ್ಲ ಏನಾಗಿದೆ ಎಂದು ಅವಳಿಗೆ ಅರ್ಥವಾಗಲಿಲ್ಲ, ಯಾರೂ ಹೇಳಲೂ ಇಲ್ಲ.

ಮಾವನವರು ತಾತನನ್ನು ಪಕ್ಕಕ್ಕೆ ಕರೆದರು. ನಾನು ಬಾಗಿಲ ಹಿಂದೆ ಇದ್ದೆ, ಕೇಳಿಸಿತು.

"ನೋಡಪಾ, ಮಗಳು ಚೆನ್ನಾಗದಾಳ. ನಿನ್ನ ಆಣಿ ಇವತ್ತಿಗೆ ಮುಗೀತು ಅಂತ ತಿಳ್ಕೋ. ನಾನು ಹಾಕಿದ್ದನ್ನ ನಾನೇ ತಗದೀನಿ."

ತಾತ ಗಾಬರಿಯಾದ. "ಬ್ಯಾಡ್ರಿ ಸ್ವಾಮಿ! ತಗೀಬ್ಯಾಡ್ರಿ. ಬರೇ ಆಕಿ ಕೈಗೆ ಬಂದು ಹೋಗೈತಿ. ಆಣಿ ಇದ್ದದ್ದಕ್ಕ ಕೈಗೆ ನಿಂತೈತಿ."

"ಆಣಿ ಮುರೀತು ಅಂತ ನೀನೇ ಅಂದೆಲ್ಲ?"

"ಮುರದೈತಿ. ಆದ್ರೂ ಐತಿ."

ಮಾವನವರು ಒಳಗೆ ಬಂದು, ಅವರಿಬ್ಬರಿಗೂ ಪಡಸಾಲೆಯಲ್ಲೇ ಎಲೆ ಹಾಕಿ ಎಂದರು. ಅತ್ತೆಯವರು ಒಮ್ಮೆ ಅವರ ಮುಖ ನೋಡಿ ನನಗೆ ಎಲೆ ತೊಳೆಯಲು ಹೇಳಿದರು. ಮಗಳು ಒಂದೇ ಕೈಯಲ್ಲಿ ಚೆನ್ನಾಗಿ ಉಂಡಳು, ಹುಳಿ ಎರಡು ಸಲ ಹಾಕಿಸಿಕೊಂಡಳು. ತಾತ ಉಣ್ಣುವುದಕ್ಕಿಂತ ಅವಳು ಉಣ್ಣುವುದನ್ನು ನೋಡಿದ್ದೇ ಹೆಚ್ಚು. ಮೂಲೆಯಲ್ಲಿದ್ದ ಟಿವಿಯ ಕಡೆ ಅವನು ತಿರುಗಿಯೂ ನೋಡಲಿಲ್ಲ. ಅವಳೇ ಊಟ ಮುಗಿಸಿ ಕೈ ತೊಳೆದು ಬಂದು ಅದರ ಮುಂದೆ ನಿಂತು, ಕಪ್ಪು ಗಾಜಿನಲ್ಲಿ ತನ್ನ ಮುಖ ನೋಡಿ ಕೂದಲು ಸರಿಮಾಡಿಕೊಂಡಳು.